ಬೇಲೂರು ರಸ್ತೆ ಬೈಕ್ ಅಪಘಾತ: ಡಿಸ್ಚಾರ್ಜ್ ಸಮ್ಮರಿಯಲ್ಲಿ ‘ಬೈಕಿನಿಂದ ಬಿದ್ದು ಗಾಯ’ ಅಂತಿದೆ, ಪರಿಹಾರ ಸಿಗುತ್ತಾ?

ಮೂಡಿಗೆರೆ ಮಳೆ ಕೇಳಿದ್ದು:

ಹಾಸನ–ಬೇಲೂರು ರಸ್ತೆಯಲ್ಲಿ ಮೂರು ವಾರದ ಹಿಂದೆ ಸಂಜೆ ಆದ ಅಪಘಾತ. ಬೇಲೂರು ತಾಲೂಕಿನ ಸರಹದ್ದು. ಪೆಟ್ಟಾದವರು ನಮ್ಮ ಸಂಬಂಧಿ, ವಯಸ್ಸು 29, ಮೂಡಿಗೆರೆ ತಾಲೂಕಿನ ಕಾಫಿ ತೋಟದಲ್ಲಿ ಕೆಲಸ. ಅಡ್ಡರಸ್ತೆಯಿಂದ ನುಗ್ಗಿದ ಪಿಕಪ್ ಬೈಕಿನ ಬಲಗಡೆಗೆ ಹೊಡೆದಿದೆ. ಬಲಗಾಲಿನ ಟಿಬಿಯಾ (ಮೊಣಕಾಲಿನ ಕೆಳಗಿನ ದೊಡ್ಡ ಮೂಳೆ) ಮುರಿದು ಹಾಸನದಲ್ಲಿ ರಾಡ್ ಹಾಕಿದ್ದಾರೆ. ಹಿಂದೆ ಕೂತಿದ್ದ ಸ್ನೇಹಿತನ ಮುಂಗೈ ಮೂಳೆ ಮುರಿದಿದೆ.

ತೊಡಕು ಏನಂದ್ರೆ, ಡಿಸ್ಚಾರ್ಜ್ ಸಮ್ಮರಿಯಲ್ಲಿ ‘ಬೈಕಿನಿಂದ ಬಿದ್ದು ಗಾಯ’ ಅಂತ ಮಾತ್ರ ಇದೆ, ಪಿಕಪ್ ಸುದ್ದಿಯೇ ಇಲ್ಲ. ಪೊಲೀಸ್ ಕಂಪ್ಲೇಂಟ್ ಇನ್ನೂ ಕೊಟ್ಟಿಲ್ಲ. ಪಿಕಪ್ ಮಾಲೀಕರು 40 ಸಾವಿರ ಮತ್ತು ಬೈಕ್ ರಿಪೇರಿ ಖರ್ಚು ಕೊಡ್ತೀನಿ, ಒಂದು ರಾಜಿ ಪತ್ರಕ್ಕೆ ಸಹಿ ಹಾಕಿ ಅಂತಿದ್ದಾರೆ. ಗಾಡಿ ನಂಬರ್ ನಮ್ಮ ಹತ್ರ ಇದೆ, ಸ್ಥಳದಲ್ಲಿ ತೆಗೆದ ಎರಡು ಫೋಟೋನೂ ಇದೆ.

ಬೈಕ್ ಅವರ ಭಾವನದು. ಇವರ ಡಿಎಲ್ ಅವಧಿ ಮುಗಿದಿತ್ತು. ಇವರು ಹೆಲ್ಮೆಟ್ ಹಾಕಿದ್ದರು, ಹಿಂದೆ ಕೂತವರು ಹಾಕಿರಲಿಲ್ಲ. ಸಂಬಳ ವಾರಕ್ಕೊಮ್ಮೆ ನಗದು, ಸ್ಲಿಪ್ ಇಲ್ಲ. ಇಷ್ಟೆಲ್ಲ ಕೊರತೆ ಇಟ್ಟುಕೊಂಡು ಕೇಸ್ ಹಾಕಬಹುದಾ? ಹಾಸನದಲ್ಲೋ ಚಿಕ್ಕಮಗಳೂರಲ್ಲೋ?

ಎಂವಿಸಿ ಹಾಸನ ಉತ್ತರ:

ರಾಜಿ ಪತ್ರಕ್ಕೆ ಸಹಿ ಹಾಕಬೇಡಿ. ನಾಳೆ ಬೆಳಿಗ್ಗೆಯೇ ಕಂಪ್ಲೇಂಟ್ ಕೊಡಿ. ಉಳಿದದ್ದೆಲ್ಲ ಆಮೇಲೆ.

ನಮ್ಮ ಕಡೆ ರಾಜಿ ಮಾತು ಬರುವುದು ಹೆಚ್ಚಾಗಿ ಭಯದಿಂದ. ಕಂಪ್ಲೇಂಟ್ ಆದರೆ ಪರಿಹಾರವನ್ನೆಲ್ಲ ತಾನೇ ಕೈಯಿಂದ ಕಟ್ಟಬೇಕು ಅಂತ ಗಾಡಿ ಮಾಲೀಕರು ತಿಳಿದಿರುತ್ತಾರೆ. ವಿಮೆ ಚಾಲ್ತಿಯಲ್ಲಿದ್ದು, ಚಾಲಕನಿಗೆ ಸರಿಯಾದ ಡಿಎಲ್ ಇದ್ದರೆ ಕೊಡುವುದು ವಿಮಾ ಕಂಪನಿ. ಥರ್ಡ್ ಪಾರ್ಟಿ (ಗಾಡಿಯಿಂದ ಪೆಟ್ಟಾದ ಬೇರೆಯವರಿಗಾಗಿ) ಪ್ರೀಮಿಯಂ ಕಟ್ಟುವುದೇ ಇದಕ್ಕೆ. ಇದನ್ನು ಅವರಿಗೆ ಸಮಾಧಾನವಾಗಿ ಹೇಳಿದರೆ ಎಷ್ಟೋ ಸಲ ಅವರೇ ಪಾಲಿಸಿ ಜೆರಾಕ್ಸ್ ತಂದು ಕೊಡುತ್ತಾರೆ. ಕೊಡದಿದ್ದರೆ ನಂಬರ್ ಹಾಕಿ ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ವಿಮೆಯ ಅವಧಿ ನೋಡಿಕೊಳ್ಳಿ. ಅಪಘಾತದ ದಿನ ಚಾಲ್ತಿಯಲ್ಲಿತ್ತಾ ಅನ್ನುವುದಷ್ಟೇ ಲೆಕ್ಕ, ಇವತ್ತು ಇದೆಯಾ ಅನ್ನುವುದಲ್ಲ. ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಕಂಪ್ಲೇಂಟ್ ಮೂರು ವಾರ ತಡವಾಗಿದೆ ಅಂತ ಕೇಸ್ ಬಿದ್ದುಹೋಗಲ್ಲ. ಎಫ್‌ಐಆರ್ ತಡವಾದ ಒಂದೇ ಕಾರಣಕ್ಕೆ ಪರಿಹಾರ ನಿರಾಕರಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ ರವಿ ವಿರುದ್ಧ ಬದ್ರಿನಾರಾಯಣ್ ಪ್ರಕರಣದಲ್ಲಿ 2011ರಲ್ಲೇ ಹೇಳಿದೆ. ಆದರೆ ತಡವಾದ ಕಾರಣ ಕಂಪ್ಲೇಂಟಿನಲ್ಲೇ ಇರಬೇಕು: ಆಪರೇಷನ್ ಆಗಿ ಆಸ್ಪತ್ರೆಯಲ್ಲಿದ್ದೆವು, ಗಾಡಿಯವರು ರಾಜಿ ಮಾತಾಡುತ್ತಿದ್ದರು ಅಂತ ಇದ್ದದ್ದನ್ನು ಇದ್ದಂಗೆ ಬರೆಯಿರಿ. ಕಾರಣವನ್ನು ಆಮೇಲೆ ಪಾಟೀ ಸವಾಲಿನಲ್ಲಿ ಮೊದಲ ಸಲ ಹೇಳಿದರೆ ಹೊಂದಿಸಿಕೊಂಡ ಕಥೆ ಅನ್ನಿಸುತ್ತದೆ. ದಿನಾಂಕ, ಅಂದಾಜು ಸಮಯ, ಯಾವ ಊರಿನ ಅಡ್ಡರಸ್ತೆ, ಪಿಕಪ್ ಯಾವ ದಿಕ್ಕಿನಿಂದ ಬಂತು, ನಂಬರ್, ನೋಡಿದವರ ಹೆಸರು, ಇಷ್ಟೂ ಇರಲಿ. ಹಿಂದೆ ಕೂತವರ ಹೆಸರು ಮತ್ತು ಗಾಯವನ್ನು ಅದೇ ಕಂಪ್ಲೇಂಟಿನಲ್ಲಿ ಸೇರಿಸಿ. ಅವರದು ಬೇರೆ ಪರಿಹಾರ ಅರ್ಜಿ, ಆದರೆ ಎಫ್‌ಐಆರ್ ಒಂದೇ.

ಸಾಮಾನ್ಯವಾಗಿ ಬಿಎನ್‌ಎಸ್ (ಐಪಿಸಿ ಬದಲು ಬಂದ ಭಾರತೀಯ ನ್ಯಾಯ ಸಂಹಿತೆ) 281 (ನಿರ್ಲಕ್ಷ್ಯದ ಚಾಲನೆ) ಮತ್ತು 125(ಎ) (ಗಾಯ) ಹಾಕುತ್ತಾರೆ. ಮೂಳೆ ಮುರಿದರೆ ಅದು 116ನೇ ಕಲಮಿನ ಪ್ರಕಾರ ತೀವ್ರ ಗಾಯ, ಹಾಗಾಗಿ 125(ಬಿ) ಬರಬೇಕು. ಎಫ್‌ಐಆರ್ ನಕಲು ದೂರುದಾರರಿಗೆ ಉಚಿತ. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಬಿಎನ್‌ಎಸ್‌ಎಸ್ (ಸಿಆರ್‌ಪಿಸಿ ಬದಲು ಬಂದ ಕಾಯ್ದೆ) 173(4)ರಡಿ ಎಸ್‌ಪಿ ಕಚೇರಿಗೆ ಲಿಖಿತವಾಗಿ ಅಂಚೆಯಲ್ಲಿ ಕಳಿಸಿ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಮುಂದೆ ಅರ್ಜಿ.

ಈಗ ಆ ‘ಬೈಕಿನಿಂದ ಬಿದ್ದು’ ಅನ್ನುವ ಸಾಲು. ಇದು ನಿಮ್ಮ ಕೇಸಿನ ಅತಿ ದೊಡ್ಡ ಗಂಡಾಂತರ. ಕ್ಯಾಶುಯಲ್ಟಿಯಲ್ಲಿ ಯಾರೋ ಅವಸರದಲ್ಲಿ ‘ಬೈಕಿಂದ ಬಿದ್ರು ಸಾರ್’ ಅಂದಿರುತ್ತಾರೆ, ಡ್ಯೂಟಿ ಡಾಕ್ಟರ್ ಅಷ್ಟೇ ಬರೆದಿರುತ್ತಾರೆ. ವಿಮಾ ಕಂಪನಿ ವಕೀಲರು ಮೊದಲು ಹಿಡಿಯುವುದು ಇದನ್ನೇ: ಇದು ತಾನೇ ಬಿದ್ದದ್ದು, ಪಿಕಪ್ಪನ್ನು ಆಮೇಲೆ ಸೇರಿಸಿದ್ದಾರೆ ಅಂತ. ಅದನ್ನು ತಿದ್ದಿಸಲು ಮಾತ್ರ ಹೋಗಬೇಡಿ. ತಿದ್ದಿದ ದಾಖಲೆ ತಪ್ಪು ದಾಖಲೆಗಿಂತ ಕೆಟ್ಟದ್ದು. ಮಾಡಬೇಕಾದದ್ದು ಬೇರೆ.

ಡಿಸ್ಚಾರ್ಜ್ ಸಮ್ಮರಿ ಬರೆಯುವುದು ಕೊನೆಯಲ್ಲಿ. ಅದಕ್ಕೂ ಮೊದಲು ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಗಾಯದ ಕೇಸು) ರಿಜಿಸ್ಟರ್, ಕ್ಯಾಶುಯಲ್ಟಿ ಚೀಟಿ, ಒಳರೋಗಿ ಕೇಸ್‌ಶೀಟ್, ಠಾಣೆಗೆ ಹೋದ ಎಂಎಲ್‌ಸಿ ಇಂಟಿಮೇಷನ್ ಇರುತ್ತವೆ. ಅವುಗಳಲ್ಲಿ ಎಲ್ಲಾದರೂ ‘ಪಿಕಪ್ ಡಿಕ್ಕಿ’ ಅಂತಿದ್ದರೆ ಸಮ್ಮರಿಯ ತೂಕ ಇಳಿಯುತ್ತದೆ. ಪೂರ್ತಿ ಕೇಸ್‌ಶೀಟ್ ನಕಲಿಗೆ ಲಿಖಿತ ಅರ್ಜಿ ಕೊಡಿ. ಕೇಳಿದ 72 ಗಂಟೆಯೊಳಗೆ ಕೊಡಬೇಕು ಅಂತ ವೈದ್ಯಕೀಯ ವೃತ್ತಿ ನಿಯಮ ಇದೆ. 108ರಲ್ಲಿ ಹೋಗಿದ್ದರೆ ಕರೆ ಬಂದ ಸಮಯ, ಎತ್ತಿಕೊಂಡ ಜಾಗ ಅವರ ದಾಖಲೆಯಲ್ಲಿರುತ್ತದೆ. ಆಸ್ಪತ್ರೆಗೆ ಕರೆದೊಯ್ದವರು ಯಾರೋ ದಾರಿಹೋಕರಾಗಿದ್ದು ಸಾಕ್ಷಿಗೆ ಹೆದರುತ್ತಿದ್ದರೆ, ಮೋಟಾರು ವಾಹನ ಕಾಯ್ದೆಯ 134ಎ ಅವರಿಗೆ ರಕ್ಷಣೆ ಕೊಡುತ್ತದೆ ಅಂತ ತಿಳಿಸಿ.

ಇನ್ನು ಬೈಕ್. ರಿಪೇರಿಗೆ ಬಿಟ್ಟಿಲ್ಲ ತಾನೇ? ಬಿಡಬೇಡಿ. ಮೋಟಾರು ವಾಹನ ನಿರೀಕ್ಷಕರು ಎರಡೂ ಗಾಡಿ ನೋಡಿ ಐಎಂವಿ ವರದಿ (ಗಾಡಿಗಳ ಜಖಂ ವರದಿ) ಕೊಡಬೇಕು. ಬಲಗಡೆ ಫುಟ್‌ರೆಸ್ಟ್ ಒಳಕ್ಕೆ ಬಾಗಿರುವುದು, ಬ್ರೇಕ್ ಪೆಡಲ್ ಮುರಿದಿರುವುದು, ಟ್ಯಾಂಕಿನ ಬದಿಯ ನೆಗ್ಗು, ಪಿಕಪ್ಪಿನ ಬಣ್ಣ ಅಂಟಿದ್ದರೆ ಅದು, ಇವೆಲ್ಲ ತಾನೇ ಜಾರಿ ಬಿದ್ದ ಬೈಕಿನಲ್ಲಿ ಹೀಗೆ ಬರಲ್ಲ. ಜಾರಿ ಬಿದ್ದರೆ ಉದ್ದಕ್ಕೆ ಉಜ್ಜಿದ ಗೆರೆ, ಹ್ಯಾಂಡಲ್ ತುದಿ ಸವೆತ. ಆಸ್ಪತ್ರೆ ಕಾಗದ ಏನೇ ಹೇಳಲಿ, ಈ ಜಖಂ ಬೇರೆ ಮಾತು ಹೇಳುತ್ತದೆ. ಸ್ಥಳದ ಫೋಟೋ ಇರುವ ಮೂಲ ಮೊಬೈಲ್ ಮಾರಬೇಡಿ, ಫಾರ್ಮ್ಯಾಟ್ ಮಾಡಬೇಡಿ. ವಾಟ್ಸ್ಆ್ಯಪ್ ನಕಲಿನಲ್ಲಿ ತೆಗೆದ ಸಮಯ ಉಳಿಯಲ್ಲ. ಆ ಅಡ್ಡರಸ್ತೆ ಹತ್ತಿರ ಪೆಟ್ರೋಲ್ ಬಂಕ್, ಅಂಗಡಿ, ಹೋಂಸ್ಟೇ ಕ್ಯಾಮೆರಾ ಇದ್ದರೆ ಇವತ್ತೇ ವಿಚಾರಿಸಿ. ಮೂರು ವಾರ ಆಗಿರುವುದರಿಂದ ಅಳಿಸಿಹೋಗಿರಬಹುದು, ಆದರೂ ಕೇಳಿ.

ಪೊಲೀಸರು ಸ್ಥಳ ಮಹಜರು (ಜಾಗ ನೋಡಿ ದಾಖಲಿಸುವುದು) ಮಾಡುವಾಗ ನಿಮ್ಮವರೊಬ್ಬರು ಅಲ್ಲಿರಲಿ. ಸ್ಕೆಚ್‌ನಲ್ಲಿ ಡಿಕ್ಕಿಯಾದ ಜಾಗ ರಸ್ತೆಯ ಯಾವ ಬದಿಗೆ ಬಿತ್ತು ಅನ್ನುವುದರ ಮೇಲೆ ಸವಾರನ ಪಾಲಿನ ನಿರ್ಲಕ್ಷ್ಯ ನಿಂತಿರುತ್ತದೆ. ಎರಡು ಅಡಿ ಆಚೀಚೆ ಆದರೆ ಪರಿಹಾರದಲ್ಲಿ ಶೇ. 25 ಕಡಿತವಾದರೂ ಆಶ್ಚರ್ಯ ಇಲ್ಲ.

ಅವಧಿ: ಮೋಟಾರು ವಾಹನ ಕಾಯ್ದೆಯ 166(3)ರ ಪ್ರಕಾರ ಅಪಘಾತದಿಂದ ಆರು ತಿಂಗಳೊಳಗೆ ಪರಿಹಾರದ ಅರ್ಜಿ ಹಾಕಬೇಕು. 2022ರ ಏಪ್ರಿಲ್ 1ರಿಂದ ಇದು ಜಾರಿಯಲ್ಲಿದೆ. ಈ ನಿಯಮವನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದ್ದಾರೆ, ಅದನ್ನು ನಂಬಿಕೊಂಡು ಮಾತ್ರ ಕೂರಬೇಡಿ. ಪೊಲೀಸರ ಅಪಘಾತ ವರದಿಯನ್ನೇ ನ್ಯಾಯಮಂಡಳಿ (ಅಪಘಾತ ಪರಿಹಾರ ತೀರ್ಮಾನಿಸುವ ಕೋರ್ಟು) ಅರ್ಜಿ ಅಂತ ಪರಿಗಣಿಸಬಹುದು ಅಂತಲೂ ಕಾಯ್ದೆ ಹೇಳುತ್ತದೆ. ಆದರೂ ನಿಮ್ಮದೇ ಅರ್ಜಿ ಹಾಕಿ.

ಚೆಕ್‌ರೋಲ್ ಉತ್ತರ:

ಮೇಲಿನವರು ಪೊಲೀಸ್, ಆಸ್ಪತ್ರೆ ಭಾಗ ಹೇಳಿದ್ದಾರೆ. ನಾನು ದುಡ್ಡಿನ ಲೆಕ್ಕ ಹೇಳ್ತೀನಿ, ಯಾಕಂದ್ರೆ ತೋಟದ ಕೆಲಸಗಾರರಿಗೆ ಹೆಚ್ಚು ಅನ್ಯಾಯ ಆಗುವುದು ಇಲ್ಲಿ.

ಖರ್ಚಾದ ಬಿಲ್ಲು, ನೋವು, ಆರೈಕೆಗೆ ಇದ್ದವರ ಖರ್ಚು, ಓಡಾಟ, ಕೆಲಸವಿಲ್ಲದ ತಿಂಗಳುಗಳ ಕೂಲಿ, ಮುಂದೆ ರಾಡ್ ತೆಗೆಸುವ ಆಪರೇಷನ್, ಇವೆಲ್ಲ ಬೇರೆ ಬೇರೆ ಬಾಬತ್ತು. ಬಿಲ್ಲಿನ ಮೂಲ ಪ್ರತಿ, ಪ್ರತಿ ಬಿಲ್ಲಿಗೂ ಹೊಂದುವ ಚೀಟಿ ಜೋಡಿಸಿಡಿ. ರಾಡ್ ತೆಗೆಸುವ ಅಂದಾಜು ವೆಚ್ಚವನ್ನು ಆಪರೇಷನ್ ಮಾಡಿದ ವೈದ್ಯರಿಂದಲೇ ಬರೆಸಿ. ದೊಡ್ಡ ಮೊತ್ತ ಇರುವುದು ಭವಿಷ್ಯದ ಆದಾಯ ನಷ್ಟದಲ್ಲಿ.

ಉದಾಹರಣೆಗೆ ತಿಂಗಳ ಆದಾಯ 15,000 ಅಂತ ನ್ಯಾಯಮಂಡಳಿ ಒಪ್ಪಿತು ಅಂತಿಟ್ಟುಕೊಳ್ಳಿ. ಸ್ವಂತ ದುಡಿಮೆ ಅಥವಾ ನಿಗದಿತ ಕೂಲಿಯವರಿಗೆ, 40 ವರ್ಷದ ಒಳಗಿದ್ದರೆ, ಮುಂದಿನ ಆದಾಯ ಏರಿಕೆಗೆ ಶೇ. 40 ಸೇರಿಸಬೇಕು. ಇದು 2017ರ ಪ್ರಣಯ್ ಸೇಠಿ ತೀರ್ಪು. ಗಾಯದ ಕೇಸುಗಳಿಗೂ ಇದು ಅನ್ವಯ ಅಂತ 2020ರ ಪಪ್ಪು ದೇವ್ ಯಾದವ್ ತೀರ್ಪಿನಲ್ಲಿ ಸ್ಪಷ್ಟವಾಗಿದೆ. ಅಲ್ಲಿಗೆ 21,000. ವರ್ಷಕ್ಕೆ 2,52,000. ವಯಸ್ಸು 26ರಿಂದ 30 ಆದರೆ ಸರಳಾ ವರ್ಮಾ ತೀರ್ಪಿನ ಕೋಷ್ಟಕದಲ್ಲಿ ಗುಣಕ 17. ಗುಣಿಸಿದರೆ 42,84,000. ಇದರಲ್ಲಿ ಅಂಗವೈಕಲ್ಯದ ಶೇಕಡಾವಾರು ಎಷ್ಟೋ ಅಷ್ಟು ಪಾಲು.

ಆಟ ಇರುವುದು ಆ ಶೇಕಡಾವಾರಿನಲ್ಲಿ. ವೈದ್ಯರು ‘ಬಲಗಾಲಿಗೆ ಶೇ. 45’ ಅಂತ ಬರೆಯುತ್ತಾರೆ. ನಮ್ಮ ರಾಜ್ಯದ ನ್ಯಾಯಮಂಡಳಿಗಳಲ್ಲಿ ಕೈ ಅಥವಾ ಕಾಲಿನ ವೈಕಲ್ಯದ ಮೂರನೇ ಒಂದು ಭಾಗವನ್ನು ಇಡೀ ದೇಹದ್ದು ಅಂತ ಹಿಡಿಯುವ ರೂಢಿ ಇದೆ. ಅಂದರೆ ಶೇ. 15, ಪರಿಹಾರ 6,42,600. ಮೇಜಿನ ಮುಂದೆ ಕೂತು ಕೆಲಸ ಮಾಡುವವರಿಗೆ ಇದು ಸರಿಯೋ ಏನೋ. ತೋಟದವರಿಗೆ ಅಲ್ಲ. ಒಂಟಿ ಬಿದಿರಿನ ಏಣಿ ಹತ್ತಿ ಸಿಲ್ವರ್ ಮರದ ಮೇಲೆ ಕಾಳುಮೆಣಸು ಕುಯ್ಯುವವನು ಏಣಿಯ ಗೆಣ್ಣಿನ ಮೇಲೆ ಒಂದೇ ಪಾದ ಊರಿ, ಇನ್ನೊಂದು ಕಾಲನ್ನು ಮರಕ್ಕೆ ಒತ್ತಿ ನಿಲ್ಲಬೇಕು. ಮರಗಸಿ (ನೆರಳಿನ ಮರದ ಕೊಂಬೆ ಕಡಿಯುವುದು) ಮಾಡುವವನದ್ದು ಇನ್ನೂ ಕಷ್ಟ, ಒಂದು ಕೈಯಲ್ಲಿ ಕತ್ತಿ. ಮೊಣಕಾಲು ಪೂರ್ತಿ ಮಡಚದಿದ್ದರೆ, ಪಾದದ ಕೀಲು ಬಿಗಿದರೆ ಆ ಕೆಲಸ ಮುಗಿಯಿತು. ಉಳಿಯುವುದು ನೆಲದ ಮೇಲಿನ ಕೆಲಸ, ಕೂಲಿಯೂ ಕಡಿಮೆ.

2010ರ ರಾಜ್‌ಕುಮಾರ್ ವಿರುದ್ಧ ಅಜಯ್ ಕುಮಾರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ: ದೇಹದ ವೈಕಲ್ಯ ಎಷ್ಟು ಅನ್ನುವುದಕ್ಕಿಂತ ಅದರಿಂದ ಈ ಮನುಷ್ಯನ ದುಡಿಮೆಯ ಶಕ್ತಿ ಎಷ್ಟು ಹೋಯಿತು ಅನ್ನುವುದನ್ನು ನೋಡಬೇಕು. ಇದು ಶೇ. 25 ಅಂತ ಸಾಬೀತಾದರೆ ಅದೇ ಲೆಕ್ಕ 10,71,000 ಆಗುತ್ತದೆ. ಆದರೆ ನ್ಯಾಯಾಧೀಶರು ಊಹಿಸಿಕೊಂಡು ಕೊಡಲ್ಲ, ನೀವು ಸಾಕ್ಷ್ಯ ಹಾಕಬೇಕು. ಅರ್ಜಿಯಲ್ಲಿ ‘ಕೂಲಿ’ ಅಂತ ಒಂದು ಪದ ಬರೆದು ಬಿಡುವ ವಕೀಲರಿದ್ದಾರೆ. ಹಾಗೆ ಬಿಡಬೇಡಿ. ಕಾಳುಮೆಣಸು ಕೊಯ್ಲು, ಮರಗಸಿ, ಔಷಧಿ ಹೊಡೆಯುವುದು, ಇಳಿಜಾರಿನಲ್ಲಿ ಮೂಟೆ ಹೊರುವುದು ಅಂತ ಕೆಲಸದ ವಿವರ ಬರಲಿ.

ಆದಾಯಕ್ಕೆ ತೋಟದ ಚೆಕ್‌ರೋಲ್ (ಹಾಜರಿ, ಕೂಲಿ ಬರೆಯುವ ಪುಸ್ತಕ) ಸಾಕು. ತೋಟದ ಲೆಕ್ಕ ಬರೆಯುವ ರೈಟರ್ ಅಥವಾ ಮಾಲೀಕರು ಚೆಕ್‌ರೋಲ್ ಹಿಡಿದು ಬಂದು ಸಾಕ್ಷಿ ನುಡಿಯಬೇಕು. ಬರೀ ಲೆಟರ್‌ಹೆಡ್ ಮೇಲೆ ಬರೆದ ಸಂಬಳ ಪತ್ರ ಪಾಟೀ ಸವಾಲಿನಲ್ಲಿ ನಿಲ್ಲಲ್ಲ. ಏನೂ ಸಿಗದಿದ್ದರೆ ಲೋಕ ಅದಾಲತ್‌ಗೆಂದು ರಾಜ್ಯ ಕಾನೂನು ಸೇವಾ ಪ್ರಾಧಿಕಾರ ಮಾಡಿರುವ, ಅಪಘಾತದ ವರ್ಷಕ್ಕೆ ತಕ್ಕ ಅಂದಾಜು ಆದಾಯದ ಪಟ್ಟಿಯನ್ನು ಹಿಡಿಯುತ್ತಾರೆ. ಅದು ಕನಿಷ್ಠ ಆಸರೆ. ಕಾಳುಮೆಣಸು ಸೀಸನ್ನಿನಲ್ಲಿ ಕೆಜಿ ಲೆಕ್ಕದಲ್ಲಿ ಸಿಗುವ ಹೆಚ್ಚಿನ ದುಡ್ಡು ಅದರಲ್ಲಿ ಬರಲ್ಲ.

ವೈಕಲ್ಯದ ಸರ್ಟಿಫಿಕೇಟಿಗೆ ಈಗಲೇ ಓಡಬೇಡಿ. ಮೂಳೆ ಕೂಡಿ, ಫಿಸಿಯೋಥೆರಪಿ ಮುಗಿದು, ಇನ್ನು ಸುಧಾರಣೆ ಇಲ್ಲ ಅನ್ನುವ ಹಂತದಲ್ಲಿ ಅಳೆಯಬೇಕು. ಅರ್ಜಿ ಮೊದಲೇ ಹಾಕಬಹುದು, ಈ ಸಾಕ್ಷ್ಯ ಆಮೇಲೆ. ಚಿಕಿತ್ಸೆ ಕೊಟ್ಟ ವೈದ್ಯರೇ ಹೇಳಿದರೆ ಒಳ್ಳೆಯದು. ಎಷ್ಟು ಡಿಗ್ರಿ ಮಡಚುತ್ತದೆ, ಕಾಲು ಎಷ್ಟು ಸೆಂಟಿಮೀಟರ್ ಗಿಡ್ಡವಾಗಿದೆ, ತೊಡೆಯ ಸುತ್ತಳತೆ ಎಷ್ಟು ಇಳಿದಿದೆ ಅಂತ ಅಳತೆ ಇರಬೇಕು, ಹೊಸ ಎಕ್ಸ್‌ರೇ ಇರಬೇಕು. ಕೇಳಿದವರಿಗೆಲ್ಲ ಹೆಚ್ಚು ಪರ್ಸೆಂಟ್ ಬರೆದುಕೊಡುವ ವೈದ್ಯರ ಬಗ್ಗೆ ನ್ಯಾಯಮಂಡಳಿಗಳು ಎಚ್ಚರವಾಗಿರಬೇಕು ಅಂತ ಅದೇ ರಾಜ್‌ಕುಮಾರ್ ತೀರ್ಪು ಹೇಳಿದೆ. ಅಂಥ ಸರ್ಟಿಫಿಕೇಟ್ ತಂದರೆ ನಿಜವಾದ ನಷ್ಟವನ್ನೂ ನಂಬಲ್ಲ.

ಮೂಡಿಗೆರೆ ಮಳೆ:

ಇಬ್ಬರಿಗೂ ವಂದನೆ. ಬೈಕ್ ರಿಪೇರಿಗೆ ಬಿಟ್ಟಿಲ್ಲ, ಶೆಡ್‌ನಲ್ಲಿದೆ. ಡಿಎಲ್, ಹೆಲ್ಮೆಟ್, ಭಾವನ ಬೈಕ್ ವಿಷಯಕ್ಕೆ ಯಾರಾದರೂ ಹೇಳಿ. ಆಸ್ಪತ್ರೆ ಹತ್ತಿರ ಒಬ್ಬರು ಬಂದು ‘ಖರ್ಚೆಲ್ಲ ನಮ್ಮದು, ಬಂದದ್ದರಲ್ಲಿ ಶೇ. 30 ಕೊಡಿ’ ಅಂತ ಖಾಲಿ ಹಾಳೆಗಳಿಗೆ ಸಹಿ ಕೇಳಿದ್ದಾರೆ.

ಚಾರ್ಮಾಡಿ ತಿರುವು ಉತ್ತರ:

ಖಾಲಿ ಹಾಳೆಗೆ ಸಹಿ ಬೇಡವೇ ಬೇಡ. ಗೆದ್ದ ಮೊತ್ತದಲ್ಲಿ ಪಾಲು ಅಂತ ಫೀ ಗೊತ್ತು ಮಾಡುವುದನ್ನು ಬಾರ್ ಕೌನ್ಸಿಲ್ ನಿಯಮ ನಿಷೇಧಿಸಿದೆ. ವಕಾಲತ್ತಿನ ಮೇಲೆ ವಕೀಲರ ಹೆಸರು, ದಿನಾಂಕ ನೋಡಿ ಸಹಿ ಮಾಡಿ, ಅರ್ಜಿಯ ನಕಲು ಮತ್ತು ಎಂವಿಸಿ ನಂಬರ್ (ಪರಿಹಾರ ಕೇಸಿನ ಸಂಖ್ಯೆ) ಕೇಳಿ ಪಡೆಯಿರಿ. ನಂಬರ್ ಇದ್ದರೆ ಇಕೋರ್ಟ್ಸ್ ಆ್ಯಪ್‌ನಲ್ಲಿ ಮುಂದಿನ ತಾರೀಖು ನೀವೇ ನೋಡಬಹುದು. ಪರಿಹಾರ ಅರ್ಜಿದಾರರ ಸ್ವಂತ ಬ್ಯಾಂಕ್ ಖಾತೆಗೆ ಬರಬೇಕು, ಮುಂಗಡವಾಗಿ ಖಾಲಿ ಚೆಕ್ ಕೊಡಬೇಡಿ. ದುಡ್ಡಿನ ತೊಂದರೆ ಇದ್ದರೆ ಹಾಸನ, ಚಿಕ್ಕಮಗಳೂರು ಎರಡೂ ಕಡೆ ಜಿಲ್ಲಾ ನ್ಯಾಯಾಲಯದ ಕಟ್ಟಡದಲ್ಲೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಪರಿಶಿಷ್ಟ ಜಾತಿ ಪಂಗಡದವರು, ಮಹಿಳೆಯರು, ಅಂಗವಿಕಲರು, ಕಡಿಮೆ ಆದಾಯದವರಿಗೆ ಉಚಿತ ವಕೀಲರು ಸಿಗುತ್ತಾರೆ. 15100ಕ್ಕೆ ಕರೆ ಮಾಡಿ ವಿಚಾರಿಸಿ.

ಡಿಎಲ್ ಮುಗಿದಿದ್ದಕ್ಕೆ ದಂಡ ಬೇರೆ ಬೀಳಬಹುದು. ಆದರೆ ಲೈಸೆನ್ಸ್ ಇಲ್ಲದ ಮಾತ್ರಕ್ಕೆ ಅಪಘಾತದಲ್ಲಿ ಅವನದೂ ತಪ್ಪಿದೆ ಅನ್ನುವಂತಿಲ್ಲ ಅಂತ 2008ರ ಸುಧೀರ್ ಕುಮಾರ್ ರಾಣಾ ಪ್ರಕರಣದಲ್ಲಿ ತೀರ್ಮಾನವಾಗಿದೆ. ಹೆಲ್ಮೆಟ್ಟಿನದೂ ಅದೇ ತರ್ಕ: ಮುಂಗೈ ಮುರಿದಿದ್ದಕ್ಕೂ ತಲೆಗೆ ಹೆಲ್ಮೆಟ್ ಇಲ್ಲದ್ದಕ್ಕೂ ಸಂಬಂಧ ಇಲ್ಲ. ತಲೆಗೇ ಪೆಟ್ಟಾಗಿದ್ದರೆ ಮಾತ್ರ ವಿಮಾ ಕಂಪನಿಗೆ ವಾದಿಸಲು ಜಾಗ ಸಿಗುತ್ತಿತ್ತು. ಈ ಎರಡೂ ವಿಷಯ ಮುಚ್ಚಿಡಬೇಡಿ, ಕೇಳಿದರೆ ಇದ್ದದ್ದು ಹೇಳಿ.

ಭಾವನ ಬೈಕ್ ಆದರೂ ನೀವು ಕೇಳುತ್ತಿರುವುದು ಪಿಕಪ್ಪಿನ ವಿಮೆಯಿಂದ, ಹಾಗಾಗಿ ತೊಂದರೆ ಇಲ್ಲ. ತಪ್ಪು ಪೂರ್ತಿ ಬೈಕಿನದು ಅಂತ ಚಾರ್ಜ್‌ಶೀಟ್ ಆದರೆ ಕಥೆ ಬೇರೆ. ಎರವಲು ಬೈಕ್ ಓಡಿಸುವವನು ಮಾಲೀಕನ ಸ್ಥಾನದಲ್ಲೇ ನಿಲ್ಲುತ್ತಾನೆ, ಅದೇ ಬೈಕಿನ ವಿಮೆಯಿಂದ ಅವನು ಥರ್ಡ್ ಪಾರ್ಟಿ ಅಂತ ಕೇಳಲಾಗಲ್ಲ. 2009ರ ನಿಂಗಮ್ಮ ಪ್ರಕರಣ ಇದಕ್ಕೆ ಆಧಾರ. ಮಾಲೀಕ-ಚಾಲಕನ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆಯೂ ಹೆಸರೇ ಹೇಳುವಂತೆ ಮಾಲೀಕನಿಗೆ, ಅದೂ ಸಾವು ಅಥವಾ ಕೈಕಾಲು, ಕಣ್ಣು ಕಳೆದುಕೊಂಡಂಥ ನಷ್ಟಕ್ಕೆ. ಹಿಂದೆ ಕೂತವರಿಗೆ ಬೈಕಿನ ವಿಮೆಯಿಂದ ಸಿಗಬೇಕಾದರೆ ಪ್ಯಾಕೇಜ್ (ಸಮಗ್ರ) ಪಾಲಿಸಿ ಇರಬೇಕು, ಬರೀ ಥರ್ಡ್ ಪಾರ್ಟಿ ಪಾಲಿಸಿ ಸಾಲದು. ಅದಕ್ಕೇ ಪಿಕಪ್ ಚಾಲಕನ ತಪ್ಪು ದಾಖಲೆಯಲ್ಲಿ ಗಟ್ಟಿಯಾಗಬೇಕು.

ಕೋರ್ಟ್ ಎಲ್ಲಿ ಅಂದರೆ, ಅಪಘಾತ ನಡೆದ ಜಾಗ, ಅರ್ಜಿದಾರರ ವಾಸ, ಎದುರುದಾರರ ವಾಸ, ಮೂರರಲ್ಲಿ ಎಲ್ಲಾದರೂ ಹಾಕಬಹುದು. ನನ್ನ ಅಭಿಪ್ರಾಯ ಹಾಸನ ಜಿಲ್ಲೆಯ ಕಡೆಗಿದೆ. ಆಪರೇಷನ್ ಮಾಡಿದ ವೈದ್ಯರು ಹಾಸನದಲ್ಲಿದ್ದಾರೆ, ಅವರನ್ನು ಸಾಕ್ಷಿಗೆ ಕರೆಸುವುದೇ ಈ ಕೇಸಿನ ಕಷ್ಟದ ಕೆಲಸ. ಅರ್ಜಿದಾರರು ಪ್ರತಿ ತಾರೀಖಿಗೂ ಬರಬೇಕಿಲ್ಲ, ಸಾಕ್ಷಿ ಹೇಳುವ ದಿನ ಬಂದರೆ ಸಾಕು.

ಎಂವಿಸಿ ಹಾಸನ:

ಒಪ್ಪಿದೆ. ಮೂರು ಮಾತು ಸೇರಿಸ್ತೀನಿ.

ಪಿಕಪ್ಪಿಗೆ ವಿಮೆ ಇಲ್ಲ ಅಂತ ಗೊತ್ತಾದರೆ ಕೂಡಲೇ ಎಚ್ಚೆತ್ತುಕೊಳ್ಳಿ. ಭದ್ರತೆ ಇಲ್ಲದೆ ಆ ಗಾಡಿ ಬಿಡಬಾರದು ಅಂತ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಆಕ್ಷೇಪಣೆ ಹಾಕಿ. ಗಾಡಿ ಬಿಟ್ಟು, ಮಾರಾಟವಾಗಿ ಹೋದರೆ ತೀರ್ಪು ಕೈಯಲ್ಲಿದ್ದರೂ ವಸೂಲಿಗೆ ಏನೂ ಉಳಿಯಲ್ಲ. ವಿಮೆ ಇದ್ದು ಚಾಲಕನಿಗೆ ಡಿಎಲ್ ಇಲ್ಲದಿದ್ದರೆ ಸಾಮಾನ್ಯವಾಗಿ ಕಂಪನಿ ಮೊದಲು ಕೊಟ್ಟು ಆಮೇಲೆ ಮಾಲೀಕರಿಂದ ವಸೂಲಿ ಮಾಡುವಂತೆ ಆದೇಶ ಆಗುತ್ತದೆ.

ಈ ಚರ್ಚೆಯನ್ನು ಬೇರೆಯವರೂ ಓದುತ್ತಾರೆ, ಅವರಿಗೆ: ಗುದ್ದಿದ ಗಾಡಿ ಯಾವುದು ಅಂತ ಪತ್ತೆಯೇ ಆಗದಿದ್ದರೆ ಮೋಟಾರು ವಾಹನ ಕಾಯ್ದೆಯ 161ನೇ ಕಲಮಿನಡಿ ತೀವ್ರ ಗಾಯಕ್ಕೆ 50,000, ಸಾವಿಗೆ 2 ಲಕ್ಷ ಇದೆ. ಅರ್ಜಿ ಉಪವಿಭಾಗಾಧಿಕಾರಿ ಅಥವಾ ತಹಸೀಲ್ದಾರ್ ಮಟ್ಟದ ವಿಚಾರಣಾಧಿಕಾರಿಗೆ. ನಂಬರ್ ಸಿಕ್ಕಿಲ್ಲ ಅಂತ ಯಾರದೋ ವಿಮೆ ಇರುವ ಗಾಡಿಯನ್ನು ಸೇರಿಸೋಣ ಅನ್ನುವವರ ಹತ್ತಿರ ಹೋಗಬೇಡಿ, ಅದು ಸೀದಾ ಕ್ರಿಮಿನಲ್ ಕೇಸ್. ಕೆಎಸ್‌ಆರ್‌ಟಿಸಿ ಬಸ್ಸಾದರೆ ವಿಮಾ ಕಂಪನಿ ಇರಲ್ಲ, ನಿಗಮವೇ ಎದುರುದಾರ. ಹೊಸ ಅಪಘಾತವಾದರೆ, 2025ರ ಮೇ ತಿಂಗಳಲ್ಲಿ ಬಂದ ನಗದುರಹಿತ ಚಿಕಿತ್ಸಾ ಯೋಜನೆಯಲ್ಲಿ ನಿಗದಿತ ಆಸ್ಪತ್ರೆಗಳಲ್ಲಿ ಮೊದಲ 7 ದಿನಕ್ಕೆ 1.5 ಲಕ್ಷದವರೆಗೆ ಸಿಗುತ್ತದೆ, ಸೇರಿಸುವಾಗಲೇ ಕೇಳಿ.

ಕೊನೆಯದು ಲೋಕ ಅದಾಲತ್. ಬೇಗ ಮುಗಿಯುತ್ತದೆ ನಿಜ, ಆದರೆ ಅಲ್ಲಿ ಒಪ್ಪಿದರೆ ಮೇಲ್ಮನವಿ ಇಲ್ಲ. ನ್ಯಾಯಮಂಡಳಿ ತೀರ್ಪಾದರೆ 90 ದಿನದೊಳಗೆ ಹೈಕೋರ್ಟಿಗೆ ಹೋಗಬಹುದು. ಹಾಗಾಗಿ ವೈದ್ಯರ ಸಾಕ್ಷ್ಯ, ಚೆಕ್‌ರೋಲ್ ಸಾಕ್ಷ್ಯ ದಾಖಲಾಗುವ ಮುಂಚೆ ವಿಮಾ ಕಂಪನಿ ಹೇಳುವ ಮೊತ್ತಕ್ಕೆ ತಲೆಯಾಡಿಸಬೇಡಿ. ಮೇಲೆ ಹೇಳಿದ 42,84,000ದ ಲೆಕ್ಕ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ, ಅವರು ಎಷ್ಟು ಶೇಕಡಾ ಹಿಡಿದಿದ್ದಾರೆ, ಶೇ. 40 ಸೇರಿಸಿದ್ದಾರಾ ಅಂತ ಕೇಳಿ. ಶೇ. 15 ವೈಕಲ್ಯಕ್ಕೇ ಆ ಶೇ. 40 ಸೇರಿಸುವುದನ್ನು ಬಿಟ್ಟರೆ 1,83,600 ಕಡಿಮೆಯಾಗುತ್ತದೆ.

ಮೂಡಿಗೆರೆ ಮಳೆ:

ನಾಳೆ ಬೇಲೂರು ಕಡೆ ಠಾಣೆಗೆ, ಅಲ್ಲಿಂದ ಹಾಸನಕ್ಕೆ ಕೇಸ್‌ಶೀಟ್ ಅರ್ಜಿಗೆ ಹೋಗ್ತೀವಿ. ಅರ್ಜಿ ಪೇಷಂಟ್ ಹೆಸರಲ್ಲೇ ಇರಬೇಕಾ? ಅವರು ಇನ್ನೂ ನಡೆಯಲ್ಲ.

ಎಂವಿಸಿ ಹಾಸನ:

ಅವರ ಸಹಿಯ ಅರ್ಜಿ, ನಿಮಗೆ ಕೊಟ್ಟ ಅಧಿಕಾರ ಪತ್ರ, ಇಬ್ಬರ ಆಧಾರ್ ನಕಲು, ಐಪಿ (ಒಳರೋಗಿ) ನಂಬರ್. ಎರಡು ಪ್ರತಿ ಒಯ್ದು ಒಂದರ ಮೇಲೆ ದಿನಾಂಕ ಸಮೇತ ಮೊಹರು ಹಾಕಿಸಿಕೊಳ್ಳಿ. ಎಂಎಲ್‌ಸಿ ರಿಜಿಸ್ಟರ್ ಪುಟವನ್ನು ನಿಮಗೆ ಕೊಡದಿದ್ದರೆ ಜಗಳ ಬೇಡ, ತನಿಖಾಧಿಕಾರಿ ಕೇಳಿದರೆ ಕೊಡುತ್ತಾರೆ. ಕಂಪ್ಲೇಂಟ್ ಕೊಡುವಾಗಲೇ ಆ ಪುಟ ತರಿಸಿ ಅಂತ ಒಂದು ಸಾಲು ಸೇರಿಸಿ.